ಅಂತಃಸಾಕ್ಷಿಯ ಸ್ವಾತಂತ್ರ್ಯ: ಮರೆಯಬಾರದ ಚರಿತ್ರೆ

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಸುಸಂದರ್ಭದಲ್ಲಿ, ಗಂಟೆ ಬಾರಿಸಿ, ಬಾಗಿಲು ತೆರೆದಿಟ್ಟು, ನಿರ್ಭಯವಾಗಿ ದಿವ್ಯಬಲಿಪೂಜೆಯನ್ನು ಅರ್ಪಿಸುವ ಭಾಗ್ಯಕ್ಕಾಗಿ ದೇವರನ್ನು ಸ್ತುತಿಸುತ್ತೇವೆ. ಈ ಭಾಗ್ಯಕ್ಕೆ ದೈವಕೃಪೆಯೊಡನೆ ಸಂವಿಧಾನದ ರಕ್ಷಣೆಯೂ ಇದೆ. ಆ ರಕ್ಷಣೆಯು ಒಮ್ಮೆ ಹೇಗೆ ಸಡಿಲಗೊಂಡಿತೆಂಬುದನ್ನು ನಮ್ಮ ಯುವಜನರು ಅರಿತಿರಬೇಕು.

ಸಂವಿಧಾನ ರಚನಾ ಸಭೆಯಲ್ಲಿ ಮಂಗಳೂರಿನಲ್ಲಿ ಜನಿಸಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರು ಸದಸ್ಯರಾಗಿದ್ದರು. ಧರ್ಮವನ್ನು ಆಚರಿಸುವ ಹಕ್ಕಿನೊಡನೆ ಪ್ರಚಾರ ಮಾಡುವ ಹಕ್ಕೂ ಇರಬೇಕೇ ಎಂಬ ಚರ್ಚೆ 1948ರ ಡಿಸೆಂಬರಿನಲ್ಲಿ ನಡೆದಾಗ, ಕೆ. ಎಂ. ಮುನ್ಷಿ, ಟಿ. ಟಿ. ಕೃಷ್ಣಮಾಚಾರಿ ಅವರಂತಹ ಹಿಂದೂ ನಾಯಕರೇ ಆ ಪದವನ್ನು ಸಮರ್ಥಿಸಿದರು. ಹೀಗೆ 25ನೆಯ ಅನುಚ್ಛೇದವು ನೆರೆಹೊರೆಯವರ ಸದ್ಭಾವನೆಯೂ ಸೇರಿ ನಮಗೆ ದೊರೆತ ಆಸ್ತಿ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಿತವಾಯಿತು. ಪತ್ರಿಕೆಗಳು ಸೆನ್ಸಾರಿಗೆ ಒಳಗಾದವು. ಜುಲೈ 4ರಂದು ರಾಷ್ಟ್ರೀಯ ಸ್ವಯಂಸೇವಕ ಸಂಘ, ಜಮಾತೆ ಇಸ್ಲಾಮಿ, ಆನಂದ ಮಾರ್ಗ ಮೊದಲಾದ ಸಂಸ್ಥೆಗಳು ನಿಷೇಧಿಸಲ್ಪಟ್ಟವು. ಆ ಅವಧಿಯಲ್ಲಿ ಲಕ್ಷಕ್ಕೂ ಮಿಕ್ಕ ಜನರು ವಿಚಾರಣೆಯಿಲ್ಲದೆ ಬಂಧಿತರಾದರು. ನಮ್ಮ ಚರ್ಚುಗಳ ಬಾಗಿಲನ್ನು ಯಾರೂ ಮುಚ್ಚಿಸಲಿಲ್ಲ. ಆದುದರಿಂದಲೇ ಇದು ನಮಗೆ ಸಂಬಂಧಿಸಿದ ವಿಷಯವಲ್ಲವೆಂದು ಭಾವಿಸುವುದು ಸುಲಭವಾಗಿತ್ತು.

ಆದರೆ ಸಂಬಂಧವಿತ್ತು. ಬೆಂಗಳೂರಿನ ಸಂತ ಪೇತ್ರರ ಗುರುಮಠದಲ್ಲಿ ಕೆಲಕಾಲ ಅಭ್ಯಸಿಸಿದ್ದ ಮಂಗಳೂರಿನ ಜಾರ್ಜ್ ಫೆರ್ನಾಂಡಿಸರು ಭೂಗತರಾಗಿ ಪ್ರತಿಭಟಿಸಿದರು. ಅವರ ಮಾರ್ಗವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಆದರೆ ಅವರ ಸುಳಿವು ತಿಳಿಯಲು ತಮ್ಮ ಲಾರೆನ್ಸರನ್ನು 1976ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆಗೆ ಗುರಿಪಡಿಸಲಾಯಿತು. ಉಬ್ಬಸದಿಂದ ನರಳುತ್ತಿದ್ದ ಕಲಾವಿದೆ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಇದ್ದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ನಿಧನರಾದರು.

ಇಂತಹ ಬಂಧಿತರ ಅರ್ಜಿಗಳನ್ನು ಆಲಿಸಬಹುದೆಂದು ಕರ್ನಾಟಕವೂ ಸೇರಿ ಹಲವು ಉಚ್ಚ ನ್ಯಾಯಾಲಯಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಐವರಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ನೀಡಿದರು; ಮುಂದೆ ಮುಖ್ಯ ನ್ಯಾಯಾಧೀಶರ ಪದವಿ ಅವರ ಕೈತಪ್ಪಿತು.

ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿದ್ದಾಗಲೇ, 1977ರ ಜನವರಿ 17ರಂದು, ಸ್ಟಾನಿಸ್ಲಾಸ್ ಪ್ರಕರಣದ ತೀರ್ಪು ಹೊರಬಿದ್ದಿತು. ಒರಿಸ್ಸಾ ಮತ್ತು ಮಧ್ಯಪ್ರದೇಶಗಳ 1967 ಹಾಗೂ 1968ರ ಕಾಯ್ದೆಗಳು ಸಿಂಧುವೆಂದೂ, ಪ್ರಚಾರದ ಹಕ್ಕಿನಲ್ಲಿ ಅನ್ಯರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದೂ ನ್ಯಾಯಾಲಯ ಹೇಳಿತು. ಬಲಾತ್ಕಾರವನ್ನೂ ವಂಚನೆಯನ್ನೂ ನಮ್ಮ ಧರ್ಮಸಭೆಯೇ ಖಂಡಿಸುತ್ತದೆ. 1965ರ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಘೋಷಣೆ ಇದಕ್ಕೆ ಸಾಕ್ಷಿ. ಆದರೆ ಸ್ವಇಚ್ಛೆಯಿಂದ ನಂಬುವವನ ಅಂತಃಸಾಕ್ಷಿಗೆ ಅಧಿಕಾರಿಯ ಮುಂದೆ ಲೆಕ್ಕ ಒಪ್ಪಿಸುವ ಹೊಣೆ ಬಂದಾಗ ಅವನ ಸ್ವಾತಂತ್ರ್ಯ ಕುಗ್ಗುತ್ತದೆ. 2022ರಲ್ಲಿ ಕರ್ನಾಟಕದಲ್ಲಿಯೂ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆನ್ನುವ ಕಾಯ್ದೆ ಬಂದಿತು. ಅದನ್ನು ರದ್ದುಪಡಿಸಲು 2023ರ ಜೂನಿನಲ್ಲಿ ಸಚಿವ ಸಂಪುಟ ನಿರ್ಧರಿಸಿತು.

1977ರಲ್ಲಿ ಮತದಾರರು ಅಧಿಕಾರವನ್ನು ಬದಲಿಸಿದರು. 1978ರ 44ನೆಯ ತಿದ್ದುಪಡಿಯು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡದಂತೆ ಮಾಡಿತು. 1976ರ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವೇ 2017ರಲ್ಲಿ ತಿರಸ್ಕರಿಸಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಸ್ಟಾನಿಸ್ಲಾಸ್ ತೀರ್ಪಿನ ನೆರಳಿನಲ್ಲಾದರೋ ಹಲವು ರಾಜ್ಯಗಳಲ್ಲಿ ಕಾಯ್ದೆಗಳು ಬೆಳೆದವು.

ಪ್ರಿಯ ಶ್ರದ್ಧಾವಂತರೇ, ನೆರೆಮನೆಯವನನ್ನು ವಿಚಾರಣೆಯಿಲ್ಲದೆ ಒಯ್ದಾಗ ಸುಮ್ಮನಿರುವವರ ಪೂಜಾಸ್ವಾತಂತ್ರ್ಯ ಬಹುಕಾಲ ಉಳಿಯದು. ಬಂಧಿತನು ನಮ್ಮ ಮತದವನಲ್ಲದಿದ್ದರೂ, ನಮ್ಮನ್ನು ವಿರೋಧಿಸುವವನಾಗಿದ್ದರೂ, ಅವನ ಹಕ್ಕು ನಮ್ಮ ಹಕ್ಕೇ. ಸಂತ ಪೌಲರು ರೋಮಿನ ಪೌರತ್ವದ ಹಕ್ಕನ್ನು ಮುಂದಿಟ್ಟು ಚಕ್ರವರ್ತಿಯ ನ್ಯಾಯಾಸನಕ್ಕೆ ಮನವಿ ಮಾಡಿಕೊಂಡರು; ಹಾಗೆ ಮಾಡುವುದು ವಿಶ್ವಾಸಕ್ಕೆ ಕುಂದೆಂದು ಅವರು ಭಾವಿಸಲಿಲ್ಲ. ನಾವೂ ಸಂವಿಧಾನವನ್ನು ಓದೋಣ, ಮತ ಚಲಾಯಿಸೋಣ, ಅನ್ಯರಿಗಾದ ಅನ್ಯಾಯಕ್ಕೆ ದನಿಯೆತ್ತೋಣ. ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಧರ್ಮಕೇಂದ್ರಕ್ಕೆ ಪ್ರಭು ಆ ಧೈರ್ಯವನ್ನು ದಯಪಾಲಿಸಲಿ.