ಎಣಿಕೆಯೂ ತೂಕವೂ

ಎಲ್ಲರ ಅಭಿಪ್ರಾಯಕ್ಕೂ ಸಮಾನವಾದ ಬೆಲೆಯುಂಟೇ ಎಂಬುದು ಬಹು ಹಳೆಯ ಪ್ರಶ್ನೆ. ಶಾಲೆಗಳ ಚರ್ಚಾಕೂಟಗಳಲ್ಲಿ ಇದನ್ನು ಮುಂದಿಟ್ಟರೆ ಒಂದು ಪಕ್ಷದವರು ಪ್ರಜಾಪ್ರಭುತ್ವದ ಹೆಸರನ್ನು ಹೇಳುವರು. ಇನ್ನೊಂದು ಪಕ್ಷದವರು ಐದು ಬೆರಳುಗಳೂ ಸಮವಲ್ಲವೆಂದು ತೋರಿಸುವರು. ಆದರೆ ಕಾಸರಗೋಡಿನ ಕನ್ನಡಿಗರಿಗೆ ಇದು ಚರ್ಚಾಕೂಟದ ವಿಷಯ ಮಾತ್ರವಲ್ಲ. ನಮ್ಮ ಊರುಗಳು ಯಾವ ರಾಜ್ಯದಲ್ಲಿರಬೇಕು ಎಂಬುದು ಒಮ್ಮೆ ಈ ಪ್ರಶ್ನೆಯ ಉತ್ತರದ ಮೇಲೆಯೇ ನಿಂತಿತ್ತು. ಆದುದರಿಂದ ಇದನ್ನು ನಮ್ಮ ಚರಿತ್ರೆಯ ಮೂಲಕವೇ ಪರಿಶೀಲಿಸುವುದು ಯುಕ್ತ.

ಮೊದಲು ಮತದಾನದ ಮಾತು. ಇಂಗ್ಲೆಂಡಿನ ತತ್ವಜ್ಞ ಜಾನ್ ಸ್ಟುವರ್ಟ್ ಮಿಲ್ಲನು 1861ರಲ್ಲಿ, ಮತದ ಹಕ್ಕು ಬಹು ಜನರಿಗೆ ಇರಲಿ, ಆದರೆ ವಿದ್ಯಾವಂತರಿಗೆ ಒಂದಕ್ಕಿಂತ ಹೆಚ್ಚು ಮತಗಳಿರಲಿ ಎಂದು ವಾದಿಸಿದನು. ಆ ದೇಶದ ವಿಶ್ವವಿದ್ಯಾನಿಲಯಗಳ ಪದವೀಧರರಿಗಿದ್ದ ಪ್ರತ್ಯೇಕ ಕ್ಷೇತ್ರಗಳು ರದ್ದಾದುದು 1948ರ ಕಾಯಿದೆಯಿಂದ. ನಮ್ಮ ನಾಡು ಮದರಾಸು ಪ್ರಾಂತದಲ್ಲಿದ್ದಾಗ ಆಸ್ತಿ, ತೆರಿಗೆ, ಅಕ್ಷರಜ್ಞಾನಗಳನ್ನು ನೋಡಿ ಮತದ ಹಕ್ಕನ್ನು ಕೊಡುತ್ತಿದ್ದರು. ಗೇಣಿಗೆ ಗೇಯುವ ಒಕ್ಕಲಿಗನ ಮನಸ್ಸಿನಲ್ಲಿ ಏನಿದೆಯೆಂದು ಕೇಳುವವರಿರಲಿಲ್ಲ. ಸ್ವತಂತ್ರ ಭಾರತದ ಸಂವಿಧಾನವು ಈ ಅಳತೆಗೋಲುಗಳನ್ನೆಲ್ಲ ಮುರಿದು ಬಿಸುಟಿತು. 1951ರಲ್ಲಿ ದೇಶದ ನೂರು ಮಂದಿಯಲ್ಲಿ ಓದು ಬಲ್ಲವರು ಸುಮಾರು ಹದಿನೆಂಟು ಮಂದಿ ಮಾತ್ರ. ಆದರೂ 1951–52ರ ಚುನಾವಣೆಯಲ್ಲಿ, ಚಿಹ್ನೆಯನ್ನಂಟಿಸಿದ ಪೆಟ್ಟಿಗೆಗಳ ಮುಂದೆ ಪಂಡಿತನೂ ಪಾಮರನೂ ಒಂದೊಂದೇ ಚೀಟಿ ಹಿಡಿದು ನಿಂತರು. ಆಳ್ವಿಕೆಯ ಬಿಸಿ ತಟ್ಟುವುದು ಎಲ್ಲರಿಗೂ. ಆದುದರಿಂದ ಆಳುವವರನ್ನು ಆರಿಸುವ ಹಕ್ಕೂ ಎಲ್ಲರದು. ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಆದರೂ ಅದೇ ಸಂವಿಧಾನದ ಒಂದು ಮೂಲೆಯಲ್ಲಿ ಮಿಲ್ಲನ ನೆರಳು ಉಳಿದಿದೆ. ವಿಧಾನ ಪರಿಷತ್ತು ಇರುವ ರಾಜ್ಯಗಳಲ್ಲಿ, 171ನೆಯ ವಿಧಿಯಂತೆ, ಪದವೀಧರರಿಗೂ ಅಧ್ಯಾಪಕರಿಗೂ ಪ್ರತ್ಯೇಕ ಸ್ಥಾನಗಳುಂಟು. ಕರ್ನಾಟಕದ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಪದವೀಧರರದು, ಏಳು ಅಧ್ಯಾಪಕರದು. ಕೇರಳದಲ್ಲಿ ಪರಿಷತ್ತಿಲ್ಲ. ತಲಪಾಡಿಯ ಗಡಿಯಿಂದಾಚೆ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಉಪಾಧ್ಯಾಯರಿಗೆ ಇರುವ ಈ ಹೆಚ್ಚಿನ ಮತ, ಈಚೆ ಅದೇ ಪಾಠ ಹೇಳುವವರಿಗಿಲ್ಲ. ಇವರ ವಿವೇಕವು ಅವರದಕ್ಕಿಂತ ಕಡಮೆಯೆಂದು ಯಾರೂ ಹೇಳಲಾರರು. ವಿದ್ಯೆಯನ್ನು ನೋಡಿ ಮತದ ತೂಕವನ್ನು ನಿರ್ಣಯಿಸಹೊರಟರೆ ಇಂತಹ ವಿಚಿತ್ರಗಳು ತಪ್ಪವು.

ಇನ್ನು ಗಡಿಯ ಕಥೆ. 1799ರಲ್ಲಿ ಟಿಪ್ಪುವಿನ ಪತನಾನಂತರ ಕಂಪೆನಿಯ ವಶವಾದ ಕನ್ನಡ ಜಿಲ್ಲೆಯ ಭಾಗವಾಗಿ, ಮುಂದೆ ದಕ್ಷಿಣ ಕನ್ನಡದ ತಾಲೂಕಾಗಿ ಕಾಸರಗೋಡು ಇದ್ದಿತು. 1953ರ ಡಿಸೆಂಬರಿನಲ್ಲಿ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ನೇಮಕವಾಯಿತು. ಹೃದಯನಾಥ ಕುಂಜ್ರೂ, ಕೆ. ಎಂ. ಪಣಿಕ್ಕರ್ ಇಬ್ಬರು ಸದಸ್ಯರು. ಆಯೋಗವು 104 ಸ್ಥಳಗಳಿಗೆ ಹೋಗಿ ಒಂಬತ್ತು ಸಾವಿರಕ್ಕೂ ಮಿಕ್ಕಿ ಜನರ ಮಾತು ಕೇಳಿತು. ಅದರ ಮುಂದೆ ಬಂದ ಮನವಿ, ತಂತಿ, ನಿರ್ಣಯಗಳ ಸಂಖ್ಯೆ 1,52,250. ಆದರೆ ಇವುಗಳಲ್ಲಿ ಚೆನ್ನಾಗಿ ವಿಚಾರ ಮಾಡಿ ಬರೆದವು ಸುಮಾರು ಎರಡು ಸಾವಿರವನ್ನು ಮೀರವು ಎಂದು ಆಯೋಗವೇ ಹೇಳಿತು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆಯನ್ನು ಇಲ್ಲಿ ನೆನೆಯಬಹುದು. ಒಂದೇ ಒಕ್ಕಣೆಯ ಸಾವಿರ ತಂತಿಗಳು ಜನರ ಆಸೆಯನ್ನು ಸಾರಿಯಾವು. ಆ ಆಸೆಗೆ ಆಧಾರವೇನೆಂಬುದನ್ನು ತಿಳಿಸುವುದು ವಿಚಾರಪೂರ್ಣವಾದ ಒಂದೇ ಬರೆಹ. ಕೇಳಿಸಿಕೊಳ್ಳುವ ಹಕ್ಕು ಎಲ್ಲರಿಗೂ ಸಮ. ಒಪ್ಪಿಸುವ ಬಲ ಮಾತ್ರ ಕಾರಣಗಳಿಗೆ ಸೇರಿದ್ದು.

1955ರ ಸೆಪ್ಟೆಂಬರಿನಲ್ಲಿ ವರದಿ ಬಂದಿತು. ತಾಲೂಕಿನಲ್ಲಿ ಮಲೆಯಾಳವಾಡುವವರು ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚಿರುವುದರಿಂದ ಕಾಸರಗೋಡು ಕೇರಳಕ್ಕೆ ಸೇರತಕ್ಕದ್ದೆಂದು ಅದರ ಶಿಫಾರಸು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. ಮೇಲ್ನೋಟಕ್ಕೆ ಇದು ಎಲ್ಲರನ್ನೂ ಸಮಾನವಾಗಿ ಎಣಿಸಿದ ತೀರ್ಪು. ಆದರೆ ಎಣಿಸುವ ಮೊದಲು ವೃತ್ತವನ್ನು ಎಳೆಯಬೇಕಷ್ಟೆ? ಇಡೀ ದಕ್ಷಿಣ ಕನ್ನಡ ಜಿಲ್ಲೆಯನ್ನು ಒಂದು ಘಟಕವೆಂದು ಹಿಡಿದರೆ ಮಲೆಯಾಳವು ಅಲ್ಪಸಂಖ್ಯಾತರ ಭಾಷೆ. ತಾಲೂಕನ್ನು ಹಿಡಿದರೆ ಬಹುಸಂಖ್ಯಾತರ ಭಾಷೆ. ಚಂದ್ರಗಿರಿ ಹೊಳೆಯ ಉತ್ತರವನ್ನೇ ಪ್ರತ್ಯೇಕವಾಗಿ ನೋಡಿದರೆ ಚಿತ್ರ ಮತ್ತೆ ಬದಲಾಗುವುದು. ಒಬ್ಬೊಬ್ಬನನ್ನೂ ಒಂದೊಂದಾಗಿಯೇ ಎಣಿಸಿದರೂ, ಗೆರೆ ಎಳೆದವನ ಅಭಿಪ್ರಾಯವು ಎಣಿಕೆಗೆ ಮೊದಲೇ ತೂಗಿರುತ್ತದೆ.

ಎಣಿಕೆಯ ಅಂಕಣದಲ್ಲಿಯೂ ಇಂತಹದೇ ತೊಡಕು. ಭಾಷಾವಾರು ಲೆಕ್ಕ ಹಾಕುವಾಗ ಹಿಡಿಯುವುದು ಮಾತೃಭಾಷೆಯ ಅಂಕಣವನ್ನು. ಈ ನೆಲದಲ್ಲಿ ಮನೆಯೊಳಗೆ ತುಳು, ಕೊಂಕಣಿ, ಮರಾಠಿಗಳನ್ನಾಡಿ, ಶಾಲೆಯಲ್ಲಿ ಕನ್ನಡ ಓದಿ, ಕನ್ನಡದಲ್ಲಿ ಕಾಗದ ಬರೆಯುವವರು ಬಹಳ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ; 1949ರಲ್ಲಿ ಮದರಾಸು ಸರಕಾರವು ಅವರಿಗೆ ರಾಷ್ಟ್ರಕವಿಯೆಂಬ ಬಿರುದನ್ನು ಕೊಟ್ಟದ್ದು ಅವರ ಕನ್ನಡಕ್ಕಾಗಿ. ಮನೆಮಾತನ್ನು ಮಾತ್ರ ಕೇಳುವ ಅಂಕಣದಲ್ಲಿ ಅವರಂತಹವರು ಕನ್ನಡದ ಲೆಕ್ಕಕ್ಕೆ ಸಿಗುವುದೇ ಇಲ್ಲ.

ತೂಗುವವರ ನಿಷ್ಪಕ್ಷಪಾತತೆ ಮೂರನೆಯ ಮಾತು. ಬಿಹಾರದೊಡನೆ ದೀರ್ಘ ಸಂಬಂಧವಿದ್ದ ಕಾರಣ ಫಜಲ್ ಅಲಿಯವರು ಆ ಪ್ರಾಂತಕ್ಕೂ ಬಂಗಾಳ, ಒರಿಸ್ಸಾಗಳಿಗೂ ಇದ್ದ ಗಡಿವಿವಾದಗಳ ನಿರ್ಣಯದಿಂದ ದೂರ ನಿಂತರು. ಕೇರಳೀಯರಾದ ಪಣಿಕ್ಕರರು ತಮ್ಮ ನಾಡಿನ ವಿಚಾರದಲ್ಲಿ ಹಾಗೆ ದೂರ ನಿಲ್ಲಲಿಲ್ಲವೆಂಬುದು ಕಾಸರಗೋಡಿನ ಕನ್ನಡಿಗರ ಹಳೆಯ ಆಕ್ಷೇಪ. ಪಣಿಕ್ಕರರ ಪಾಂಡಿತ್ಯ ಲೋಕವಿಖ್ಯಾತ. ಆದರೆ ಪಾಂಡಿತ್ಯಕ್ಕೆ ತೂಕವಿದ್ದಂತೆ ಸ್ವಸಂಬಂಧಕ್ಕೂ ತೂಕವುಂಟು. ಅಧ್ಯಕ್ಷರು ತಮ್ಮ ವಿಷಯದಲ್ಲಿ ಒಪ್ಪಿಕೊಂಡದ್ದು ಇದನ್ನೇ.

ಜನರ ಮನಸ್ಸು ಏನಿತ್ತು? 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಪಕ್ಷೇತರರಾಗಿ ಅವಿರೋಧವಾಗಿ ಆರಿಸಿ ಬಂದರು. ಆಮೇಲೆ 1960, 1965, 1967ರ ಚುನಾವಣೆಗಳಲ್ಲಿ ಗೆದ್ದವರು ವಿಲೀನೀಕರಣದ ಮುಂದಾಳು ಮಹಾಬಲ ಭಂಡಾರಿಗಳು. ಒಂದು ಕ್ಷೇತ್ರವು ಮತ್ತೆ ಮತ್ತೆ ಹೇಳಿದ ಮಾತು, ಚುನಾಯಿತ ಸದಸ್ಯರ ಸಭೆಯಲ್ಲಿ ಒಂದೇ ಕಂಠವಾಯಿತು. 1966ರಲ್ಲಿ ನೇಮಕವಾದ ಮೆಹರ್‌ಚಂದ್ ಮಹಾಜನರ ಏಕಸದಸ್ಯ ಆಯೋಗವು 1967ರ ಆಗಸ್ಟಿನಲ್ಲಿ, ಚಂದ್ರಗಿರಿಯ ಉತ್ತರಭಾಗವು ಮೈಸೂರಿಗೆ ಸೇರಬೇಕೆಂದಿತು. ಮೈಸೂರು ಒಪ್ಪಿತು, ಕೇರಳ ಒಪ್ಪಲಿಲ್ಲ, ವರದಿ ಕಾರ್ಯಗತವಾಗಲಿಲ್ಲ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರೊಬ್ಬರ ಅಭಿಪ್ರಾಯವೂ, ಒಪ್ಪಿಗೆಯ ಬಲವಿಲ್ಲದೆ, ಬರಿಯ ಅಭಿಪ್ರಾಯವಾಗಿಯೇ ಉಳಿಯಿತು.

ಇಲ್ಲಿ ನಾವು ನಮ್ಮನ್ನೂ ಪರೀಕ್ಷಿಸಿಕೊಳ್ಳಬೇಕು. ತಾಲೂಕಿನ ಎಣಿಕೆ ಅನ್ಯಾಯವೆನ್ನುವವನು, ಹೊಳೆಯ ಉತ್ತರದ ಎಣಿಕೆಯನ್ನು ಮಾತ್ರ ನ್ಯಾಯವೆನ್ನಲಾಗದು; ಅಲ್ಲಿಯೂ ಮಲೆಯಾಳದ ನೆರೆಯವರಿದ್ದಾರೆ, ಅವರ ಒಂದು ಮತವೂ ಒಂದೇ. ಗೆರೆಯನ್ನು ಎಲ್ಲಿ ಎಳೆದರೂ ಯಾರೋ ಕೆಲವರು ಅಲ್ಪಸಂಖ್ಯಾತರಾಗಿ ಉಳಿಯುವರು. ಆದುದರಿಂದಲೇ ಕೆಲವು ಸಂಗತಿಗಳನ್ನು ಎಣಿಕೆಯ ಕೈಗೆ ಒಪ್ಪಿಸದೆ ಕಾಪಾಡಬೇಕಾಗುವುದು. ಸಂವಿಧಾನದ 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು ಕೊಟ್ಟಿದೆ. 1956ರ ತಿದ್ದುಪಡಿಯಿಂದ ಬಂದ 350ಎ ವಿಧಿಯು ಅವರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಕನ್ನಡ ತರಗತಿಯಲ್ಲಿ ಕುಳಿತ ಮಗುವು ಬಹುಮತದ ದಯೆಯಿಂದ ಅಲ್ಲಿ ಕುಳಿತಿಲ್ಲ, ಹಕ್ಕಿನಿಂದ ಕುಳಿತಿದೆ.

ಹೀಗೆ, ಮತ ಹಾಕುವಾಗ ಎಲ್ಲರೂ ಸಮ. ಸತ್ಯವನ್ನು ಹುಡುಕುವಾಗ ಕಾರಣವೇ ದೊಡ್ಡದು. ಹಕ್ಕಿನ ವಿಷಯದಲ್ಲಿ ಎಣಿಕೆಯೂ ಇಲ್ಲ, ತೂಕವೂ ಇಲ್ಲ. ಈ ಮೂರನ್ನು ಬೇರ್ಪಡಿಸಿ ನೋಡಲು ವಿದ್ಯಾರ್ಥಿಗಳಿಗೆ ಕಲಿಸಬೇಕಾದವರು ಉಪಾಧ್ಯಾಯರು. ಎಣಿಕೆಯಲ್ಲಿ ಕಿರಿದಾದ ಸಮುದಾಯಕ್ಕೆ ತನ್ನ ಮಾತಿನ ತೂಕವನ್ನು ಹೆಚ್ಚಿಸಿಕೊಳ್ಳಲು ಇರುವ ದಾರಿ ವಿದ್ಯೆಯೊಂದೇ. ಆ ಸಾವಿರಾರು ತಂತಿಗಳ ನಡುವೆ ಎದ್ದು ಕಾಣುವ ಎರಡು ಸಾವಿರದಲ್ಲಿ ಒಂದಾಗುವಂತೆ ಬರೆಯಬಲ್ಲ ಮಕ್ಕಳು ನಮ್ಮ ಕನ್ನಡ ಶಾಲೆಗಳಿಂದ ಹೊರಬರಲಿ.