ಮಣಿಕಟ್ಟಿನ ಅಂಕಿ, ಮೈದಾನದ ಓಟ: ಹೃದಯ ಬಡಿತ ಮಾಪಕಗಳ ನಿಖರತೆ ಕುರಿತು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ನಸುಕಿಗೇ ಎದ್ದು ಓಡುವ ಅನೇಕ ಯುವಕ ಯುವತಿಯರಿಗೆ ಪೊಲೀಸ್ ಭರ್ತಿಯೇ ಗುರಿ. ಕರ್ನಾಟಕದ ಸಿವಿಲ್ ಕಾನ್ಸ್‌ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಮುಗಿಸಬೇಕು. ಅಂದರೆ ಗಂಟೆಗೆ ಕ್ರಮವಾಗಿ ಸುಮಾರು 14.8 ಮತ್ತು 12 ಕಿ.ಮೀ. ವೇಗ. ಅಗ್ಗದ ಸ್ಮಾರ್ಟ್‌ವಾಚ್ ಕಟ್ಟಿಕೊಂಡು ಅದರ ಅಂಕಿಯನ್ನೇ ನಂಬಿ ತಾಲೀಮು ಮಾಡುವವರಿಗೆ ಆ ಅಂಕಿ ಎಷ್ಟು ಸರಿ ಎಂಬುದು ಹೊಟ್ಟೆಪಾಡಿನ ಪ್ರಶ್ನೆ.

ಹೃದಯ ಬಡಿತವನ್ನು ಅಳೆಯುವ ದಾರಿ ಎರಡು. ಎದೆಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ಇಂಥ ನಿಸ್ತಂತು ಮಾಪಕವನ್ನು ಮಾರುಕಟ್ಟೆಗೆ ತಂದಿತು. ಕೈಗಡಿಯಾರದ್ದು ಬಳಸುದಾರಿ. ಅದು ಚರ್ಮದೊಳಕ್ಕೆ ಹಸಿರು ಬೆಳಕು ಬಿಟ್ಟು, ಪ್ರತಿ ಬಡಿತಕ್ಕೂ ರಕ್ತ ಹೆಚ್ಚು ಕಡಿಮೆಯಾದಂತೆ ಮರಳುವ ಬೆಳಕಿನ ಏರಿಳಿತದಿಂದ ಬಡಿತವನ್ನು ಊಹಿಸುತ್ತದೆ. ಕೈ ಬೀಸಿದಾಗಲೂ ಆ ಬೆಳಕು ಏರಿಳಿಯುತ್ತದೆ. ತೊಡಕು ಇರುವುದು ಇಲ್ಲೇ.

ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸಂಶೋಧಕರು 50 ಆರೋಗ್ಯವಂತರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಓಡಿಸಿ ನಾಲ್ಕು ಮಣಿಕಟ್ಟಿನ ಮಾಪಕಗಳನ್ನು ಇಸಿಜಿಯೊಂದಿಗೆ ಹೋಲಿಸಿದರು. 2017ರಲ್ಲಿ ಅಚ್ಚಾದ ಈ ಅಧ್ಯಯನದಲ್ಲಿ ಎದೆಪಟ್ಟಿಯ ಹೊಂದಾಣಿಕೆ 0.99 ಇದ್ದರೆ ಮಣಿಕಟ್ಟಿನ ಮಾಪಕಗಳದ್ದು 0.83ರಿಂದ 0.91. ಅಲ್ಲಿನ ಗರಿಷ್ಠ ವೇಗ ಗಂಟೆಗೆ 6 ಮೈಲಿ, ಅಂದರೆ ಸುಮಾರು 9.7 ಕಿ.ಮೀ. ನಮ್ಮ ಅಭ್ಯರ್ಥಿಯ ಓಟ ಆ ಪರೀಕ್ಷೆ ನಿಂತಲ್ಲಿಂದ ಬಹಳ ಮುಂದಿದೆ. ಅದೇ ವರ್ಷದ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ 60 ಜನ, 7 ಸಾಧನಗಳು. ಆರರಲ್ಲಿ ಬಡಿತದ ದೋಷ ಶೇ. 5ಕ್ಕಿಂತ ಕಡಿಮೆ. ಸೈಕಲ್ ತುಳಿಯುವಾಗ ದೋಷ ಅತಿ ಕಡಿಮೆ, ಏಕೆಂದರೆ ಹ್ಯಾಂಡಲ್ ಹಿಡಿದ ಕೈ ಅಲುಗುವುದಿಲ್ಲ. ಖರ್ಚಾದ ಕ್ಯಾಲರಿಯ ಲೆಕ್ಕದಲ್ಲಿ ಮಾತ್ರ ಎಲ್ಲಕ್ಕಿಂತ ಉತ್ತಮವಾದುದೂ ಸರಾಸರಿ ಶೇ. 27ರಷ್ಟು ತಪ್ಪಿತ್ತು; ಆ ಅಂಕಿಯನ್ನು ನೋಡದಿರುವುದೇ ಒಳ್ಳೆಯದು.

ಚರ್ಮದ ಬಣ್ಣದ ಪ್ರಶ್ನೆ ನಮಗೆ ಮುಖ್ಯ. ಮೆಲನಿನ್ ಹಸಿರು ಬೆಳಕನ್ನು ಹೀರುತ್ತದೆ. ಸ್ಟ್ಯಾನ್‌ಫರ್ಡ್‌ನವರು ಕಪ್ಪು ಮೈಬಣ್ಣದವರಲ್ಲಿ ಹೆಚ್ಚು ದೋಷ ಕಂಡರು. 2020ರಲ್ಲಿ 53 ಜನರನ್ನು ಪರೀಕ್ಷಿಸಿದ ಡ್ಯೂಕ್ ವಿಶ್ವವಿದ್ಯಾಲಯದ ತಂಡಕ್ಕೆ ಬಣ್ಣದಿಂದ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ವಿಶ್ರಾಂತಿಗಿಂತ ಚಟುವಟಿಕೆಯಲ್ಲಿ ದೋಷ ಸರಾಸರಿ ಶೇ. 30 ಹೆಚ್ಚಿರುವುದು ಕಂಡಿತು. ನನ್ನ ಅಭಿಪ್ರಾಯದಲ್ಲಿ ಇಲ್ಲಿನ ಓಟಗಾರರು ಬಣ್ಣಕ್ಕಿಂತ ಚಲನೆಗೇ ಹೆಚ್ಚು ಅಂಜಬೇಕು.

ಕಾರಣ ಇದು. 14.8 ಕಿ.ಮೀ. ವೇಗದಲ್ಲಿ ಓಡುವವನ ಹೆಜ್ಜೆ ನಿಮಿಷಕ್ಕೆ 170ರಿಂದ 180ರ ಆಸುಪಾಸು. ಇಪ್ಪತ್ತೆರಡರ ಹುಡುಗನ ಹೃದಯವೂ ಆ ಹೊತ್ತಿಗೆ 180 ದಾಟುತ್ತಿರುತ್ತದೆ. ಎರಡು ಲಯಗಳೂ ಹತ್ತಿರ ಬಂದಾಗ ಗಡಿಯಾರ ಬಡಿತವನ್ನು ಬಿಟ್ಟು ಹೆಜ್ಜೆಯನ್ನೇ ಎಣಿಸಬಹುದು. ಅಂಕಿ ನಂಬುವಂತೆಯೇ ಇರುವುದರಿಂದ ಆ ತಪ್ಪು ಗೊತ್ತಾಗುವುದೇ ಇಲ್ಲ. ಇನ್ನೊಂದು, ವಿಳಂಬ. ಓಟ ಶುರುವಾದಾಗ ಬಡಿತ ಥಟ್ಟನೆ ಏರುತ್ತದೆ, ಗಡಿಯಾರದ ಅಂಕಿ ಹಿಂದುಳಿಯುತ್ತದೆ. ಅದು ಅರ್ಧ ನಿಮಿಷ ಹಿಂದುಳಿದರೂ ಪುರುಷರ ಓಟದಲ್ಲಿ ಹದಿಮೂರರಲ್ಲಿ ಒಂದು ಪಾಲು, ಮಹಿಳೆಯರ ಓಟದಲ್ಲಿ ಕಾಲು ಪಾಲು ಕೈಬಿಟ್ಟಂತೆ. ಹುಡುಗಿಯರಿಗೆ ಈ ಸಾಧನದಿಂದ ಆಗುವ ಅನ್ಯಾಯ ದೊಡ್ಡದು.

ಜಾತ್ರೆಯ ಗುಂಡು ಎತ್ತುವವನಿಗೋ ಗರಡಿಯಲ್ಲಿ ದಂಡ ಹೊಡೆಯುವವನಿಗೋ ಗಡಿಯಾರದ ಅಂಕಿ ನಂಬುವುದು ಇನ್ನೂ ಕಷ್ಟ. ಮಣಿಕಟ್ಟು ಮಡಚಿ ಸ್ನಾಯು ಬಿಗಿದಾಗ ಗಡಿಯಾರಕ್ಕೂ ಚರ್ಮಕ್ಕೂ ನಡುವೆ ಸಂದು ಬೀಳುತ್ತದೆ. ಕಡಗವನ್ನೋ ಕೆಂಪು ದಾರವನ್ನೋ ತೆಗೆಯದೆ ಅದರ ಮೇಲೆಯೇ ಪಟ್ಟಿ ಕಟ್ಟಿದರೂ ಅಷ್ಟೇ. ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟುವುದು ಮೇಲು. ಜನವರಿಯ ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗಿ ಸಂಕೇತ ಕ್ಷೀಣಿಸುತ್ತದೆ. ಏಪ್ರಿಲ್‌ನಲ್ಲಿ ಬೇರೆಯದೇ ಸಂಗತಿ: ಅಂಕಿ ಸರಿಯೇ ಇರಬಹುದು, ಸೆಕೆಯಿಂದ ಬಡಿತವೇ ಏರಿರುತ್ತದೆ.

ಗರಿಷ್ಠ ಬಡಿತ ತಿಳಿಯಲು 220ರಿಂದ ವಯಸ್ಸು ಕಳೆಯುವ ಸೂತ್ರವೂ ಇಲ್ಲಿ ದಾರಿ ತಪ್ಪಿಸುತ್ತದೆ. 22 ವರ್ಷದವನಿಗೆ ಅದು 198 ಎನ್ನುತ್ತದೆ. ತನಾಕಾ ಮತ್ತು ಸಂಗಡಿಗರ 2001ರ ಸೂತ್ರ 193 ಎನ್ನುತ್ತದೆ. ಒಬ್ಬೊಬ್ಬರ ಗರಿಷ್ಠ ಬಡಿತ ಇವೆರಡರಿಂದಲೂ ಹತ್ತು ಹನ್ನೆರಡು ಆಚೀಚೆ ಇರುವುದು ಸಾಮಾನ್ಯ.

ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಕಲಬುರಗಿಯಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯವಿದೆ. ಭರ್ತಿಗೆ ಓಡುವವರಿಗೆ ಎದೆಪಟ್ಟಿಯನ್ನೂ ಗಡಿಯಾರವನ್ನೂ ಒಟ್ಟಿಗೆ ಕಟ್ಟಿ, ಟ್ರೆಡ್‌ಮಿಲ್ ಬದಲು ಮಣ್ಣಿನ ಟ್ರ್ಯಾಕ್ ಮೇಲೆ ಪರೀಕ್ಷೆಯ ವೇಗದಲ್ಲೇ ಓಡಿಸುವುದು ಈ ವಿಶ್ವವಿದ್ಯಾಲಯಗಳ ಕೈಗೆಟುಕುವ ಕೆಲಸ. ಅಂಕಿಯನ್ನು ಸೆಕೆಂಡಿಗೊಮ್ಮೆ ದಾಖಲಿಸಬೇಕು, ಹೆಜ್ಜೆಯ ಲಯವನ್ನೂ ಜತೆಗೆ ಅಳೆಯಬೇಕು. ಮಹಿಳೆಯರ 400 ಮೀಟರಿನ ಮೊದಲ 30 ಸೆಕೆಂಡುಗಳನ್ನು ಒಟ್ಟು ಸರಾಸರಿಯಲ್ಲಿ ಕರಗಿಸದೆ ಬೇರೆಯಾಗಿಯೇ ಪ್ರಕಟಿಸಬೇಕು.