ಬಾಡಿಗೆ ಸಂಸಾರ

ಖಾಲಿ ಫ್ಲ್ಯಾಟು ಬೇಗ ಹೋಗಲ್ಲ. ಅದಕ್ಕೇ ಬಾಡಿಗೆ ಸೋಫಾ, ಕರ್ಟನ್, ಮೂಲೇಲೊಂದು ಚನ್ನಪಟ್ಟಣದ ಗೊಂಬೆ ಇಟ್ಟು ತೋರಿಸ್ತಾರೆ. ಈ ಹೋಮ್ ಸ್ಟೇಜಿಂಗನ್ನು 1972ರಲ್ಲಿ ಅಮೆರಿಕದ ಸಿಯಾಟಲ್ ಕಡೆಯ ಬಾರ್ಬ್ ಶ್ವಾರ್ಜ್ ಶುರು ಮಾಡಿದ್ದಂತೆ. ಮರುವರ್ಷವೇ ನಮ್ಮ ರಾಮನಗರದಲ್ಲಿ ಇಡೀ ಊರನ್ನೇ ಸ್ಟೇಜ್ ಮಾಡಿದ್ರು! ‘ಶೋಲೆ’ಗಾಗಿ ಕಲಾ ನಿರ್ದೇಶಕ ರಾಮ್ ಯೇಡೇಕರ್ ರಾಮದೇವರ ಬೆಟ್ಟದ ಬುಡದಲ್ಲಿ ಮನೆ, ಗುಡಿ, ಮಸೀದಿ ಎಬ್ಬಿಸಿದರು. ಹೆದ್ದಾರಿಯಿಂದ ಅಲ್ಲಿಗೆ ರಸ್ತೆಯೂ ಆಯ್ತು. 1975ರ ಆಗಸ್ಟ್ 15ಕ್ಕೆ ಸಿನಿಮಾ ಬಂತು. ಅಷ್ಟೊತ್ತಿಗೆ ಊರಿನ ಕೆಲಸ ಮುಗಿದಿತ್ತು. ಇವತ್ತಿಗೂ ಜನ ಬಂದು ಠಾಕೂರನ ಮನೆ ಎಲ್ಲಿ ಅಂತ ಕೇಳ್ತಾರೆ, ಬರೀ ಬಂಡೆ ನೋಡ್ಕೊಂಡು ಹೋಗ್ತಾರೆ.

ಫ್ಲ್ಯಾಟ್ ಕೊಂಡವರೂ ಕೀಲಿ ಸಿಕ್ಕ ದಿನ ಹಾಗೇ ನಿಲ್ಲೋದು. ಸೋಫಾ ಇನ್ನೊಂದು ಟವರ್‌ಗೆ ಹೋಗಿರುತ್ತೆ, ಕಂತು ಮಾತ್ರ 20 ವರ್ಷ ಇಲ್ಲೇ. ಅಂದಹಾಗೆ, ಸಣ್ಣಳತೆ ಮಂಚ ಹಾಕಿ ರೂಮು ದೊಡ್ಡದಾಗಿ ಕಾಣಿಸೋ ಟ್ರಿಕ್ಕೂ ಇದೆ. ನೋಡೋಕೆ ಹೋಗುವಾಗ ಟೇಪು ಒಯ್ಯಿರಿ.